ಇಂಚಿಗೆ ಇಪ್ಪತ್ತು ಚೈನು

ಬೆಂಗಳೂರಿನ ಕಂಪನಿಯಲ್ಲಿ ನಾನು ವರ್ಷಗಟ್ಟಲೆ ಮಾಡಿದ ಕೆಲಸ ಗೆರೆ ಎಳೆಯುವುದು. ಪರದೆಯ ಮೇಲೆ ಉಪಗ್ರಹದ ಚಿತ್ರ, ಕೈಯಲ್ಲಿ ಮೌಸ್. ಅಮೆರಿಕದ ಯಾವುದೋ ಪಟ್ಟಣದ ನೀರಿನ ಪೈಪು, ಇಂಗ್ಲೆಂಡಿನ ಯಾವುದೋ ಬೀದಿಯ ಟೆಲಿಫೋನ್ ಕಂಬ. ಶಿಫ್ಟಿಗೆ ಇಷ್ಟು ಕಿಲೋಮೀಟರ್ ಎಂದು ಟಾರ್ಗೆಟ್. ಎಳೆದದ್ದು ಸರಿಯೋ ಇಲ್ಲವೋ ಎಂದು ನೋಡಲು ಕ್ವಾಲಿಟಿ ಟೀಮ್ ಬೇರೆ ಇತ್ತು. ಆ ಗೆರೆಯಿಂದ ಯಾರಿಗೆ ಏನಾಗುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ನಮಗೂ ಬೇಕಿರಲಿಲ್ಲ. ಮೂವತ್ತು ದಾಟಿದ ಮೇಲೆ ಆ ಕೆಲಸದಲ್ಲಿ ಇರುವುದು ಎರಡೇ ದಾರಿ: ಟೀಮ್ ಲೀಡ್ ಆಗಿ ಬೇರೆಯವರ ಟಾರ್ಗೆಟ್ ಎಣಿಸುತ್ತ ಕೂರುವುದು, ಇಲ್ಲವೇ ಮತ್ತೆ ಓದುವುದು. ನಾನು ಓದಲು ಹೊರಟೆ. ಮದುವೆಯ ಮಾತೆತ್ತಿ ಎತ್ತಿ ಸುಸ್ತಾಗಿದ್ದ ಅಮ್ಮ, "ಹೋಗು, ಎಲ್ಲಿಗಾದ್ರೂ ಹೋಗು" ಎಂದಳು. ಅದು ಆಶೀರ್ವಾದವೇ ಇರಬೇಕು ಎಂದುಕೊಂಡೆ.

2019ರ ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸ್‌ಗೆ ಹೋದೆ. ಭೌಗೋಳಿಕ ಮಾಹಿತಿ ನಿರ್ವಹಣೆಯಲ್ಲಿ ಎಂ.ಎಸ್ಸಿ., ಎರಡು ವರ್ಷ, 120 ಕ್ರೆಡಿಟ್. ಓದಿದ ವಿಶ್ವವಿದ್ಯಾಲಯದ ಹೆಸರನ್ನು ಇಲ್ಲಿ ತರುವುದಿಲ್ಲ. ನಾನು ಪಟ್ಟ ಪಾಡಿನಲ್ಲಿ ಅದರ ಪಾಲು ಕಡಿಮೆ. ಆ ದೇಶವನ್ನೇ ಆರಿಸಿದ್ದಕ್ಕೆ ಕಾರಣವಿತ್ತು, ಈ ವಿದ್ಯೆಗೆ ಅದು ಹಳೆಯ ಮನೆ. ಎರಡನೇ ಮಹಾಯುದ್ಧ ಮುಗಿದಾಗ ಅಲ್ಲಿ ಪ್ರಧಾನಿಯಾದ ವಿಲ್ಲೆಮ್ ಷೆರ್ಮರ್‌ಹಾರ್ನ್ ಮೂಲತಃ ಭೂಮಾಪನದ ಪ್ರೊಫೆಸರ್. 1950ರಲ್ಲಿ ಡೆಲ್ಫ್ಟ್‌ನಲ್ಲಿ ಐಟಿಸಿ ಎಂಬ ತರಬೇತಿ ಸಂಸ್ಥೆ ಹುಟ್ಟಿದ್ದು ಅವರ ಒತ್ತಾಸೆಯಿಂದ. 1971ರಲ್ಲಿ ಅದು ಎನ್‌ಸ್ಕೆಡೇ ಊರಿಗೆ ಹೋಯಿತು. ನಮ್ಮ ಡೆಹ್ರಾಡೂನಿನ ದೂರಸಂವೇದಿ ಸಂಸ್ಥೆ 1966ರಲ್ಲಿ ಶುರುವಾದದ್ದೂ ಐಟಿಸಿಯನ್ನೇ ಮಾದರಿಯಾಗಿಟ್ಟುಕೊಂಡು, ಡಚ್ ಸರ್ಕಾರದ ಸಹಕಾರದಿಂದ. ಈಗ ಉಟ್ರೆಕ್ಟ್, ಡೆಲ್ಫ್ಟ್, ವಾಗೆನಿಂಗೆನ್, ಟ್ವೆಂಟೆ ವಿಶ್ವವಿದ್ಯಾಲಯಗಳು ಕೂಡಿ ಈ ವಿಷಯದಲ್ಲಿ ಜಂಟಿ ಪದವಿಯನ್ನೂ ನಡೆಸುತ್ತವೆ. ಇದನ್ನೆಲ್ಲ ನಾನು ಬ್ಯಾಂಕಿನಲ್ಲಿ ಹೇಳಿದಾಗ ಅಲ್ಲಿನವರು ಕೇಳಿದ್ದು ಒಂದೇ ಮಾತು: "ಅಡಮಾನಕ್ಕೆ ಏನಿದೆ?"

ಅಡಮಾನಕ್ಕೆ ಇದ್ದದ್ದು ತಿಪಟೂರು ಸೀಮೆಯ ನಮ್ಮ ತೆಂಗಿನ ತೋಟ, ಊರಿನ ಮನೆ. 7.5 ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಆಸ್ತಿ ತೋರಿಸಬೇಕಿತ್ತು. ತೋಟದ ಪಹಣಿಯ 9ನೇ ಕಾಲಮಿನಲ್ಲಿ ಅಪ್ಪನ ಜೊತೆ ದೊಡ್ಡಪ್ಪ, ಚಿಕ್ಕಪ್ಪಂದಿರ ಹೆಸರೂ ಸಾಲಾಗಿ ನಿಂತಿದ್ದವು, ಪಾಲು ಅಳೆದು ಬೇರೆ ಮಾಡುವ ಪೋಡಿ ಆಗಿರಲಿಲ್ಲ. ಮನೆಗೆ ಪಂಚಾಯಿತಿಯ ಇ-ಸ್ವತ್ತು ದಾಖಲೆ ಇರಲಿಲ್ಲ. ಇದರಲ್ಲಿ ನಗು ಬರುವ ಸಂಗತಿಯೆಂದರೆ ಅಪ್ಪ ನಿವೃತ್ತರಾದದ್ದು ಸರ್ವೆ ಇಲಾಖೆಯ ಬಾಂದು ಜವಾನರಾಗಿ. ಸರ್ವೆಯರ್ ಹಿಂದೆ ಚೈನು, ಬಾವುಟ, ಗೂಟ ಹೊತ್ತು ಹೊಲ ಹೊಲ ಅಲೆದು ಊರವರ ಜಮೀನಿಗೆಲ್ಲ ಪೋಡಿ ಮಾಡಿಸಿದವರ ಸ್ವಂತ ಜಮೀನು ಹಾಗೇ ಉಳಿದಿತ್ತು. ಕೊನೆಗೆ ಸೋದರಮಾವ ತುಮಕೂರಿನ ಸೈಟಿನ ಪತ್ರ ತಂದುಕೊಟ್ಟರು. ಅತ್ತೆ ಅಮ್ಮನ ಹತ್ತಿರ ಮಾತು ಬಿಟ್ಟರು.

ನೆದರ್ಲೆಂಡ್ಸ್‌ನಲ್ಲಿ ಇಳಿದ ಮೇಲೆ ಮೊದಲು ಕಾಡಿದ್ದು ಪಾಠವಲ್ಲ, ವಿಳಾಸ. ಆ ದೇಶದಲ್ಲಿ ಪುರಸಭೆಗೆ ಹೋಗಿ ಇಂಥ ಮನೆಯಲ್ಲಿದ್ದೇನೆ ಎಂದು ದಾಖಲಿಸಿದರೆ ಮಾತ್ರ ನಾಗರಿಕ ಸೇವಾ ಸಂಖ್ಯೆ ಬರುತ್ತದೆ. ಅದಿಲ್ಲದೆ ಬ್ಯಾಂಕ್ ಖಾತೆ, ಸಂಬಳ, ವಿಮೆ ಯಾವುದೂ ಸಲೀಸಾಗಿ ಆಗುವುದಿಲ್ಲ. ಬಾಡಿಗೆ ಕೋಣೆಗಳಿಗೆ ಅಲ್ಲಿ ವಿಪರೀತ ಬರ. ನನಗೆ ಸಿಕ್ಕ ಕೋಣೆಯ ಮಾಲೀಕ ಬಾಡಿಗೆ ಕೈಗೆ ಬಂದ ಮೇಲೆ, "ಇಲ್ಲಿ ಹೆಸರು ನೋಂದಾಯಿಸುವ ಹಾಗಿಲ್ಲ" ಎಂದ. ಮನೆಯಲ್ಲಿ ಎಷ್ಟು ಜನ ಇದ್ದಾರೆಂದು ಪುರಸಭೆಗೆ ತಿಳಿಯುವುದು ಅವನಿಗೆ ಬೇಡವಾಗಿತ್ತು. ಅದೇ ವಾರ ತರಗತಿಯಲ್ಲಿ ವಿಳಾಸ ಮತ್ತು ಕಟ್ಟಡಗಳ ರಾಷ್ಟ್ರೀಯ ನೋಂದಣಿಯ ಪಾಠ. ದೇಶದ ಪ್ರತಿ ಕಟ್ಟಡಕ್ಕೂ, ಅದರೊಳಗಿನ ಪ್ರತಿ ಮನೆಗೂ 16 ಅಂಕಿಯ ಗುರುತು ಸಂಖ್ಯೆ. ಕಟ್ಟಿದ ವರ್ಷ, ವಿಸ್ತೀರ್ಣ ಎಲ್ಲ ಉಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳಬಹುದು. ನಾನು ಮಲಗುತ್ತಿದ್ದ ಮನೆಯನ್ನು ಅದರಲ್ಲಿ ಹುಡುಕಿದೆ. ಮನೆ ಇತ್ತು, ಅದರ ಸಂಖ್ಯೆ ಇತ್ತು, ಅದರೊಳಗೆ ನಾನು ಇರಲಿಲ್ಲ. ನೋಂದಣಿಗೆ ಒಪ್ಪುವ ಇನ್ನೊಂದು ಕೋಣೆ ಸಿಗುವಷ್ಟರಲ್ಲಿ ನವೆಂಬರ್ ಬಂದಿತ್ತು. ಅಲ್ಲಿಯವರೆಗೆ ಬೆಂಗಳೂರಿನ ಡೆಬಿಟ್ ಕಾರ್ಡೇ ಗತಿ, ಉಜ್ಜಿದಷ್ಟು ಸಲವೂ ಶುಲ್ಕ.

ಇನ್ನು ಓದು. ನಕಾಶೆ ಗೊತ್ತಿರುವವರಿಗೆ ಈ ಪದವಿ ಸುಲಭ ಎಂದು ಹೊರಗಿನವರು ತಿಳಿಯುತ್ತಾರೆ. ನಕಾಶೆ ಬಿಡಿಸುವ ಪಾಠ ಅದರಲ್ಲಿ ಬಹಳ ಸ್ವಲ್ಪ. ಡೇಟಾಬೇಸು, ಪೈಥಾನ್, ಸಂಖ್ಯಾಶಾಸ್ತ್ರ, ಕಾನೂನು, ಆಡಳಿತ, ಅರ್ಥಶಾಸ್ತ್ರ ಎಲ್ಲ ಒಂದರ ಮೇಲೊಂದು ಬಂದು ಬಿದ್ದವು. ಒಂದು ವಾರ ಪೋಸ್ಟ್‌ಜಿಐಎಸ್ ಡೇಟಾಬೇಸಿನಲ್ಲಿ ಎರಡು ಪದರಗಳ ಛೇದ ಕಂಡುಹಿಡಿ ಎಂದರೆ, ಮುಂದಿನ ವಾರ ಯುರೋಪಿನ ದೇಶಗಳು ತಮ್ಮ ಪರಿಸರ ಸಂಬಂಧಿ ಭೂದತ್ತಾಂಶವನ್ನು ಹೇಗೆ ಹಂಚಿಕೊಳ್ಳಬೇಕೆಂದು ಹೇಳುವ 2007ರ ಇನ್‌ಸ್ಪೈರ್ ನಿರ್ದೇಶನವನ್ನು ಓದಿ ಟೀಕೆ ಬರೆ ಎನ್ನುತ್ತಿದ್ದರು. ಮೌಸ್ ಹಿಡಿದು ಪಳಗಿದ ಕೈಗೆ ಕೋಡು ಬರೆಯುವುದು ಕಷ್ಟವಾಯಿತು. ಅದಕ್ಕಿಂತ ಕಷ್ಟವಾದದ್ದು ಪ್ರಬಂಧ. ಪಕ್ಕದಲ್ಲಿ ಕೂರುವವರಲ್ಲಿ ಅರ್ಧದಷ್ಟು ಜನ ಡಚ್ಚರು, ನನಗಿಂತ ಹತ್ತು ವರ್ಷ ಚಿಕ್ಕವರು. ಗುಂಪಿನ ಕೆಲಸದಲ್ಲಿ ನಾನು ಬರೆದ ಭಾಗವನ್ನು ಓದಿ, "ಇದರಲ್ಲಿ ವಾದ ಎಲ್ಲಿದೆ?" ಎಂದು ನೇರವಾಗಿ ಕೇಳುತ್ತಿದ್ದರು. ನೋಯಿಸುವ ಉದ್ದೇಶ ಇರಲಿಲ್ಲ, ಅಲ್ಲಿನ ಮಾತಿನ ರೀತಿಯೇ ಹಾಗೆ. ಅದನ್ನು ಅರಿಯುವ ತನಕ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅಂಕ ಕೊಡುವ ಬಗೆಯೂ ಹೊಸದು: ಹತ್ತಕ್ಕೆ 5.5 ಬಂದರೆ ಪಾಸು, 8 ಬಂದರೆ ಹಬ್ಬ, 10 ಬಂದವರನ್ನು ನಾನು ನೋಡಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಊರಿಗೆ ಮೊದಲು ಬಂದಿದ್ದವಳು ಮೊದಲ ಪರೀಕ್ಷೆಯ 6ನ್ನು ಅಪ್ಪನಿಗೆ ಹೇಗೆ ಹೇಳಲಿ? ಹೇಳಲೇ ಇಲ್ಲ.

ಆದರೂ ಆ ತರಗತಿಗಳಲ್ಲಿ ಒಂದು ಸೊಗಸು ಇತ್ತು. ಡಚ್ಚರ ನಿರ್ದೇಶಾಂಕ ಪದ್ಧತಿಯ ಮೂಲಬಿಂದು ಅಮರ್ಸ್‌ಫೋರ್ಟ್ ಊರಿನ ಚರ್ಚಿನ ಗೋಪುರ. ಆ ಬಿಂದುವಿಗೆ ಸೊನ್ನೆ ಕೊಡುವ ಬದಲು 155000 ಮತ್ತು 463000 ಎಂದು ಕೊಟ್ಟಿದ್ದಾರೆ. ಹೀಗೆ ಮಾಡಿದ್ದರಿಂದ ದೇಶದೊಳಗೆ ಎಲ್ಲಿ ನಿಂತರೂ ಋಣ ಸಂಖ್ಯೆ ಬರುವುದಿಲ್ಲ, ಎರಡನೇ ಸಂಖ್ಯೆ ಯಾವಾಗಲೂ ಮೊದಲನೆಯದಕ್ಕಿಂತ ದೊಡ್ಡದೇ ಆಗಿರುತ್ತದೆ. ಅದಲುಬದಲು ಬರೆದರೆ ಥಟ್ಟನೆ ಗೊತ್ತಾಗುತ್ತದೆ. ಅಕ್ಷಾಂಶ ರೇಖಾಂಶ ತಿರುವುಮುರುವಾಗಿ ಊರಿಗೂರೇ ಸಮುದ್ರದಲ್ಲಿ ಹೋಗಿ ಕೂತ ಫೈಲುಗಳನ್ನು ಬೆಂಗಳೂರಿನಲ್ಲಿ ಎಷ್ಟೋ ನೋಡಿದ್ದವಳಿಗೆ ಈ ಮುನ್ನೋಟ ಕಂಡು ಗೌರವ ಹುಟ್ಟಿತು. ಭೂದಾಖಲೆಯ ವಿಷಯದಲ್ಲಿ ನಮಗೂ ಅವರಿಗೂ ಇರುವ ವ್ಯತ್ಯಾಸವನ್ನೂ ಅಲ್ಲೇ ಕಂಡೆ. 1832ರಿಂದ ನಡೆಯುತ್ತಿರುವ ಅವರ ಭೂದಾಖಲೆ ಸಂಸ್ಥೆ ಕಡಾಸ್ಟರ್‌ನ ಗಡಿ ನಕಾಶೆ ಯಾರಿಗಾದರೂ ಉಚಿತ. ಜಾಗ ಯಾರ ಹೆಸರಿನಲ್ಲಿದೆ ಎಂದು ತಿಳಿಯಲು ದುಡ್ಡು ಕೊಡಬೇಕು. ನಮ್ಮಲ್ಲಿ ಯಾರ ಪಹಣಿಯನ್ನು ಯಾರು ಬೇಕಾದರೂ ಫೋನಿನಲ್ಲಿ ತೆರೆದು ನೋಡಬಹುದು. ಗೆರೆ ಎಲ್ಲಿದೆ ಎಂದು ಕೇಳಿದರೆ ಮಾತ್ರ ಊರೆಲ್ಲ ಎದ್ದು ಬರುತ್ತದೆ.

ಒಂದು ದಿನ ಮೇಷ್ಟ್ರು ಪರದೆ ಮೇಲೆ ನಮ್ಮ 'ಭೂಮಿ'ಯನ್ನೇ ತಂದರು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ ಕರ್ನಾಟಕದ ಯೋಜನೆ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಕೊಡುತ್ತಿದ್ದರು. ಅದು ಜಗತ್ತಿನ ಪಠ್ಯಗಳಲ್ಲೆಲ್ಲ ಇರುವ ಉದಾಹರಣೆ ಎಂದು ಅಲ್ಲಿ ತಿಳಿಯಿತು. ಅದರ ಜೊತೆಗೆ ಓದಲು ಕೊಟ್ಟದ್ದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಟೀಕೆ. ದಾಖಲೆಗಳು ಒಂದೆಡೆ ಸೇರಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಕುಳಗಳಿಗೆ ಜಮೀನು ಹಿಡಿಯುವುದು ಸಲೀಸಾಯಿತು ಎಂಬ ವಾದ. "ನೀನು ಅಲ್ಲಿಯವಳಲ್ಲವೇ, ಹೇಳು" ಎಂದರು. ಎದ್ದು ನಿಂತೆ. ಪಹಣಿ ಕಂಪ್ಯೂಟರಿಗೆ ಹೋಯಿತು, ನಕಾಶೆ ಹಿಂದೆ ಉಳಿಯಿತು; ಎರಡೂ ಒಂದನ್ನೊಂದು ನೋಡಿ ಮಾತಾಡುವುದಿಲ್ಲ; ನಮ್ಮಪ್ಪ ಆ ನಕಾಶೆಯ ಕೆಲಸದಲ್ಲೇ ಇದ್ದವರು ಎಂದೆ. ಅಷ್ಟು ದಿನಗಳಲ್ಲಿ ತರಗತಿ ಪೂರ್ತಿ ನನ್ನ ಮಾತು ಕೇಳಿದ್ದು ಅದೇ ಮೊದಲು. ಥೀಸಿಸ್‌ಗೆ ಏನು ಮಾಡಬೇಕು ಎಂಬುದು ಅಂದೇ ಗೊತ್ತಾಯಿತು.

ಡಿಸೆಂಬರಿನಲ್ಲಿ ಅಲ್ಲಿ ಬೆಳಕು ಹರಿಯುವುದು ಬೆಳಿಗ್ಗೆ ಎಂಟೂಮುಕ್ಕಾಲಿಗೆ, ಕತ್ತಲಾಗುವುದು ಸಂಜೆ ನಾಲ್ಕೂವರೆಗೆ. ನಡುವೆ ಇರುವ ಬೆಳಕೂ ಮೋಡದ ಹಿಂದಿನದು. ಚಳಿಯನ್ನು ಕೋಟಿನಿಂದ ತಡೆಯಬಹುದು, ಕತ್ತಲೆಗೆ ಏನು ತೊಡುವುದು? ಊಟ ಸೇರದು, ಸ್ನಾನ ಬೇಡ, ಫೋನ್ ಎತ್ತುವುದು ಬೇಡ. ವೈದ್ಯೆ ವಿಟಮಿನ್ ಡಿ ಬರೆದುಕೊಟ್ಟು, ದಿನಾ ಹೊರಗೆ ನಡೆ ಎಂದರು. ನಡೆಯಲು ನನಗೊಂದು ಕಾರಣ ಬೇಕಿತ್ತು, ಕೆಲಸ ಹುಡುಕಿದೆ. ಯುರೋಪಿನ ಹೊರಗಿನ ವಿದ್ಯಾರ್ಥಿ ವಾರಕ್ಕೆ 16 ಗಂಟೆ ಮಾತ್ರ ದುಡಿಯಬಹುದು. ಅದಕ್ಕೂ ಮಾಲೀಕರು ಪರವಾನಗಿ ತೆಗೆಯಬೇಕು. ಅಷ್ಟು ರಗಳೆಗೆ ಒಪ್ಪಿದ್ದು ಒಂದು ಹೋಟೆಲಿನ ಅಡುಗೆಮನೆ. ಸಂಜೆ ಐದರಿಂದ ಪಾತ್ರೆ ತೊಳೆಯುವುದು. ಬಿಸಿನೀರು, ಬೆಳಕು, ಜನರ ಗದ್ದಲ, ಕೊನೆಗೆ ಒಂದು ತಟ್ಟೆ ಊಟ. ನನ್ನನ್ನು ಆ ಚಳಿಗಾಲ ದಾಟಿಸಿದ್ದು ಆ ಅಡುಗೆಮನೆ ಎಂದೇ ಇವತ್ತಿಗೂ ನನ್ನ ನಂಬಿಕೆ.

2020ರ ಮಾರ್ಚ್ 15, ಭಾನುವಾರ. ಕೊರೊನಾ ಕಾರಣ ಸಂಜೆ ಆರಕ್ಕೆ ದೇಶದ ಎಲ್ಲ ಹೋಟೆಲುಗಳೂ ಬಾಗಿಲು ಹಾಕಬೇಕು ಎಂದು ಸರ್ಕಾರ ಅಂದೇ ಸಂಜೆ ಹೇಳಿತು. ನಾನು ಐದಕ್ಕೆ ಹೋಗಿ ಆರಕ್ಕೆ ಬಂದೆ. ತರಗತಿಗಳು ಆಗಲೇ ನಿಂತಿದ್ದವು. ಅದೇ ತಿಂಗಳು ಭಾರತ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತು. ಮೇ ತಿಂಗಳಲ್ಲಿ ವಂದೇ ಭಾರತ್ ವಿಮಾನಗಳು ಶುರುವಾದಾಗ ಹೋಗಬಹುದಿತ್ತು, ಟಿಕೆಟಿನ ದುಡ್ಡು ಇರಲಿಲ್ಲ. ಹೋದರೂ ಊರಿನ ಮನೆಯ ನೆಟ್‌ವರ್ಕಿನಲ್ಲಿ ಉಪಗ್ರಹ ಚಿತ್ರ ಇಳಿಸುವುದು ಹೇಗೆ? ಇದ್ದುಬಿಟ್ಟೆ.

ಆಮೇಲಿನ ಒಂದು ವರ್ಷದ ಬಗ್ಗೆ ಹೇಳಲು ಹೆಚ್ಚಿಲ್ಲ, ಯಾಕೆಂದರೆ ಏನೂ ನಡೆಯಲಿಲ್ಲ. ಕೋಣೆಯಲ್ಲಿ ಮಂಚ, ಮೇಜು, ಕಿಟಕಿ. ಮೇಜಿನಲ್ಲಿ ಪಾಠ, ಮೇಜಿನಲ್ಲೇ ಊಟ, ಎದ್ದರೆ ಮಂಚ. ಇಂಟರ್ನ್‌ಷಿಪ್ಪನ್ನೂ ಅದೇ ಮೇಜಿನಲ್ಲಿ ಮುಗಿಸಿದೆ. ಕೆಲಸ ಕಲಿಸಿದವರನ್ನು ಮುಖಾಮುಖಿ ಇವತ್ತಿಗೂ ನೋಡಿಲ್ಲ. ದುಡಿಮೆ ಇಲ್ಲ, ಸಾಲದ ಹಣ ಕರಗುತ್ತಿತ್ತು. ಹೊರಡುವಾಗ ಎಂಬತ್ತು ರೂಪಾಯಿಯ ಆಸುಪಾಸಿನಲ್ಲಿದ್ದ ಯೂರೋ ವರ್ಷದ ಕೊನೆಗೆ ತೊಂಬತ್ತರ ಹತ್ತಿರ ಬಂದಿತ್ತು. ಯುರೋಪಿನ ಹೊರಗಿನವರ ಶುಲ್ಕ ಮೊದಲೇ ಹಲವು ಪಟ್ಟು, ಅದರ ಮೇಲೆ ಇದು. ಅನ್ನ, ಬೇಳೆ, ಮೊಟ್ಟೆ. ಮೊರಾಕ್ಕೊದವರ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕೊತ್ತಂಬರಿ. 2021ರ ಜನವರಿ 23ರಿಂದ ರಾತ್ರಿ ಒಂಬತ್ತರ ನಂತರ ಕರ್ಫ್ಯೂ. ಮಹಾಯುದ್ಧದ ನಂತರ ಇದೇ ಮೊದಲು ಎಂದು ಪಕ್ಕದ ಕೋಣೆಯ ಹುಡುಗ ಹೇಳಿದ. ಪ್ರತಿಭಟನೆ ಗಲಾಟೆಯಾಗಿ, ಬೀದಿಯಲ್ಲಿ ಪಟಾಕಿ ಸಿಡಿದದ್ದು ಕಿಟಕಿಯೊಳಗಿಂದ ಕೇಳಿಸಿತು. ನಾನು ಆಗ ಥೀಸಿಸ್ ಶುರುಮಾಡಿದ್ದೆ.

ಥೀಸಿಸ್‌ನ ವಿಷಯ ನಮ್ಮೂರಿನ ಸುತ್ತಲ ಕೆಲವು ಸರ್ವೆ ನಂಬರುಗಳು. ಹಳೇ ಮೈಸೂರಿನ ಗ್ರಾಮ ನಕಾಶೆಗಳ ಅಳತೆ ಇಂಚಿಗೆ ಇಪ್ಪತ್ತು ಚೈನು, ಅಂದರೆ 1:7920. ನಮ್ಮ ಚೈನು 33 ಅಡಿ, ಅದಕ್ಕೆ 16 ಆಣೆ. ಚೈನು ಉದ್ದ ಚೈನು ಅಗಲವಾದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ಮಾರ್ಗದರ್ಶಿಗೆ ಆಣೆಯೆಂದರೆ ನಾಣ್ಯವೆಂದು ಮಾತ್ರ ಗೊತ್ತಿತ್ತು; ಅಳತೆಯಲ್ಲಿ ಅದು ಎರಡಡಿಗಿಂತ ಸ್ವಲ್ಪ ಹೆಚ್ಚು ಎಂದಾಗ ಬಹಳ ಹೊತ್ತು ನಕ್ಕರು. ಈ ಅಳತೆಯ ನಕಾಶೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಶಾಯಿಯ ಗೆರೆ ನೆಲದ ಮೇಲೆ ನಾಲ್ಕು ಮೀಟರ್ ಅಗಲ. ಬದುವಿನ ಮೇಲಿನ ಒಂದು ತೆಂಗಿನ ಮರಕ್ಕಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವ ಊರಿನಲ್ಲಿ, ಗೆರೆಯೊಂದೇ ನಾಲ್ಕು ಮೀಟರ್. ಕಾಗದ ಹಳೆಯದಾದಂತೆ ಸುರುಟುತ್ತದೆ, ಸ್ಕ್ಯಾನ್ ಮಾಡುವಾಗ ಎಳೆಯುತ್ತದೆ. ಒಂದೊಂದು ಗ್ರಾಮದ ನಕಾಶೆಯನ್ನೂ ಬೇರೆಬೇರೆಯಾಗಿ ಬಿಡಿಸಿದ್ದರಿಂದ ಪಕ್ಕದ ಊರಿನದರ ಜೊತೆ ಇಟ್ಟರೆ ಒಂದು ಕಡೆ ಸಂದು, ಇನ್ನೊಂದು ಕಡೆ ಒಂದರ ಮೇಲೊಂದು.

ನಿಜವಾದ ಅಳತೆ ಇರುವುದು ನಕಾಶೆಯಲ್ಲಲ್ಲ, ಟಿಪ್ಪಣಿಯಲ್ಲಿ. ಮೂಲ ಸರ್ವೆಯಲ್ಲಿ ಒಂದೊಂದು ನಂಬರಿಗೂ ಕೈಯಲ್ಲಿ ಬರೆದ ಆ ಚಿತ್ರದಲ್ಲಿ ಆಕಾರ ಸೊಟ್ಟಗಿದ್ದರೂ ಗೆರೆಯ ಪಕ್ಕದಲ್ಲಿ ಇಷ್ಟು ಚೈನು ಇಷ್ಟು ಆಣೆ ಎಂಬ ಅಂಕಿ ಇರುತ್ತದೆ. ಅಂಕಿಗಳಿಂದ ಹೊಲವನ್ನು ಮತ್ತೆ ಕಟ್ಟಿ, ಸ್ಕ್ಯಾನ್ ಮಾಡಿದ ನಕಾಶೆಯ ಗೆರೆಯ ಜೊತೆ ಹೋಲಿಸಿ, ಯಾವುದು ನೆಲದ ಗಡಿಕಲ್ಲಿಗೆ ಹತ್ತಿರ ಬರುತ್ತದೆ ಎಂದು ನೋಡುವುದು ನನ್ನ ಯೋಜನೆ. ಆ ಮೇಲೆ ಅದನ್ನೆಲ್ಲ 2012ರ ಐಎಸ್‌ಒ 19152 ಮಾನಕದೊಳಗೆ ಕೂರಿಸುವುದು. ಡೆಲ್ಫ್ಟ್‌ನ ಪೀಟರ್ ವಾನ್ ಓಸ್ಟರೊಮ್, ಕ್ರಿಸ್ಟಿಯಾನ್ ಲೆಮ್ಮೆನ್ ಮೊದಲಾದವರು ರೂಪಿಸಿದ ಆ ಮಾನಕ ಭೂದಾಖಲೆಯನ್ನು ವ್ಯಕ್ತಿ, ಹಕ್ಕು, ನೆಲ ಎಂದು ಬಿಡಿಸಿ ಇಡುತ್ತದೆ. ಪಹಣಿಯ 9ನೇ ಕಾಲಮು ಒಂದು ಕಡೆ ಸರಾಗವಾಗಿ ಕೂತಿತು. 11ನೇ ಕಾಲಮಿನ ಋಣಗಳು, 12ರ ಸಾಗುವಳಿ ವಿವರ, ಖರಾಬು, ಪೋಡಿಯಾಗದ ಜಂಟಿ ಹಿಸ್ಸೆಗಳು ಎಲ್ಲಿಗೂ ಸುಲಭವಾಗಿ ಸೇರಲಿಲ್ಲ. ಅದರ ಮೇಲೆ ವಾರಗಟ್ಟಲೆ ಕೂತೆ.

ನೆಲದ ಕಲ್ಲುಗಳನ್ನು ನೋಡಲು ನಾನೇ ಹೋಗಬೇಕಿತ್ತು, ಆಗಲಿಲ್ಲ. ಉಪಗ್ರಹದ ಚಿತ್ರದಲ್ಲಿ ನಮ್ಮ ಕಡೆ ಕಾಣುವುದು ತೆಂಗಿನ ತಲೆಗಳು ಮಾತ್ರ. ಬದು, ಕಲ್ಲು ಎಲ್ಲ ಗರಿಯ ಕೆಳಗೆ. ಉಳಿದದ್ದು ಅಪ್ಪ. ಅವರಿಗೆ ಫೋನಿನ ಆ್ಯಪ್ ಕಲಿಸಿದೆ: ಕಲ್ಲಿನ ಮೇಲೆ ಫೋನ್ ಇಟ್ಟು, ದೂರ ಸರಿದು, ಸಂಖ್ಯೆ ನಿಂತ ಮೇಲೆ ಉಳಿಸಿ, ಫೋಟೊ ತೆಗೆಯುವುದು. ಎರಡೇ ದಿನಕ್ಕೆ ಕಲಿತರು. ಅವರಿಗೆ ಕಲ್ಲು ಹುಡುಕುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಮಣ್ಣಿನಲ್ಲಿ ಹೂತದ್ದು, ಬಟ್ಟೆ ಒಗೆಯುವ ಕಲ್ಲಾದದ್ದು, ಅರಿಶಿನ ಕುಂಕುಮ ಹಚ್ಚಿ ದೇವರಾದದ್ದು ಎಲ್ಲವೂ ಗೊತ್ತು. ಒಂದು ಸಲ ಮೂರು ಊರಿನ ಗಡಿ ಸೇರುವ ಕಲ್ಲಿನ ಹತ್ತಿರ ನಿಂತು ವೀಡಿಯೊ ಕರೆ ಮಾಡಿದರು.

"ನೋಡಮ್ಮ, ಇದೇ ಕಲ್ಲು. ನಿನ್ನ ಫೋನು ಅಲ್ಲೆಲ್ಲೋ ಗುಂಡಿ ಒಳಗೆ ತೋರಿಸ್ತೈತೆ."

"ಮರದ ಕೆಳಗೆ ಸಿಗ್ನಲ್ ಸರಿಯಾಗಿ ಸಿಗಲ್ಲ ಅಪ್ಪಾ. ಬಯಲಲ್ಲೇ ಮೂರ್ನಾಲ್ಕು ಮೀಟರ್ ಆಚೀಚೆ ಆಗುತ್ತೆ, ತೋಟದಲ್ಲಿ ಇನ್ನೂ ಜಾಸ್ತಿ."

"ಮೂರ್ನಾಲ್ಕು ಮೀಟ್ರಾ? ಒಂದಾಣೆ ತಪ್ಪಿದ್ರೆ ನಮ್ ಸಾಹೇಬ್ರು ಇನ್ನೊಂದ್ ಸಲ ಎಳೆಸ್ತಿದ್ರು ಕಣಮ್ಮ. ಇದ್ಯಾತಕ್ಕೆ ಬರ್ತೈತೆ?"

ಹಾಗಾಗಿ ಕಲ್ಲಿನಿಂದ ಕಲ್ಲಿಗೆ ಟೇಪು ಹಿಡಿದು ಅಳೆದದ್ದನ್ನೂ ಕಳಿಸತೊಡಗಿದರು. ಫೋನಿನ ಬಿಂದುಗಳಿಂದ ಹೊಲ ಭೂಮಿಯ ಮೇಲೆ ಸುಮಾರಾಗಿ ಎಲ್ಲಿದೆ ಎಂದು ತಿಳಿಯುತ್ತಿತ್ತು. ಟೇಪಿನ ಅಳತೆಯಿಂದ ಅದರ ಆಕಾರ. ಎರಡನ್ನೂ ತೂಗಿ ಹೊಂದಿಸುವ ಲೆಕ್ಕವನ್ನು ಪೈಥಾನ್‌ನಲ್ಲಿ ಬರೆದೆ. ಅವರ ಅಳತೆಯನ್ನು ಬಳಸಲು ಯುರೋಪಿನ ಖಾಸಗಿತನದ ಕಾನೂನಿನ ಪ್ರಕಾರ ಒಪ್ಪಿಗೆ ಪತ್ರ ಬೇಕಾಯಿತು. ಸ್ವಂತ ಅಪ್ಪನಿಗೆ ನಾಲ್ಕು ಪುಟದ ಇಂಗ್ಲಿಷ್ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ ಸಹಿ ಹಾಕಿಸಿಕೊಂಡೆ. "ಯಾವಾಗ ಬೇಕಾದ್ರೂ ಹಿಂದೆ ಸರಿಯಬಹುದು ಅಂತ ಬರೆದೈತಲ್ಲ, ಸರಿದ್ರೆ ಏನ್ ಮಾಡ್ತೀಯ?" ಎಂದು ಕೇಳಿ ನಕ್ಕರು.

ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಭೂದತ್ತಾಂಶದ ಹೊಸ ಮಾರ್ಗಸೂಚಿ ಹೊರಡಿಸಿತು. ಅದುವರೆಗೆ ನಕಾಶೆ ತಯಾರಿಸಲು, ಹಂಚಲು ಬೇಕಿದ್ದ ಅನುಮತಿಗಳಲ್ಲಿ ಬಹಳಷ್ಟನ್ನು ಭಾರತೀಯರಿಗೆ ಒಂದೇ ಏಟಿಗೆ ತೆಗೆದುಹಾಕಿತು. ಎಲ್ಲರೂ ಸಂಭ್ರಮಿಸಿದರು. ನಾನು 2005ರ ರಾಷ್ಟ್ರೀಯ ನಕಾಶೆ ನೀತಿಯ ನಿರ್ಬಂಧಗಳ ಮೇಲೆ ಬರೆದು ಮುಗಿಸಿದ್ದ ಅಧ್ಯಾಯ ಮುಂದಿಟ್ಟುಕೊಂಡು ಕೂತಿದ್ದೆ. "ಒಳ್ಳೆಯದೇ ಆಯಿತು, ಹೊಸದಾಗಿ ಬರಿ" ಎಂದರು ಮಾರ್ಗದರ್ಶಿ. ಬರೆದೆ. ದೇಶಕ್ಕೆ ಒಳ್ಳೆಯದಾದದ್ದಕ್ಕೆ ಅಳು ಬಂದ ಹೆಂಗಸು ನಾನೊಬ್ಬಳೇ ಇರಬೇಕು.

ಏಪ್ರಿಲ್ ಕೊನೆಯಲ್ಲಿ ಬಿಂದುಗಳು ಬರುವುದು ನಿಂತಿತು. ಮೊದಲು ಚಿಕ್ಕಪ್ಪನಿಗೆ ಜ್ವರ, ಆಮೇಲೆ ಅಮ್ಮನಿಗೆ, ಆಮೇಲೆ ಅಪ್ಪನಿಗೆ. 26ರಂದು ನೆದರ್ಲೆಂಡ್ಸ್ ಭಾರತದಿಂದ ಬರುವ ವಿಮಾನಗಳನ್ನು ತಡೆಯಿತು, 27ರಿಂದ ಕರ್ನಾಟಕದಲ್ಲಿ ಲಾಕ್‌ಡೌನ್. ಹೋದರೆ ವಾಪಸಾಗುವ ದಾರಿ ಇಲ್ಲ, ಹೋಗಿ ಮಾಡುವುದೂ ಏನಿಲ್ಲ, ಎಂದು ತಮ್ಮನೇ ಗದರಿದ. ಅವನು ಆಮ್ಲಜನಕದ ಅಂಕಿಯನ್ನು ದಿನಕ್ಕೆ ನಾಲ್ಕು ಸಲ ವಾಟ್ಸಾಪ್ ಮಾಡುತ್ತಿದ್ದ. 94, 93, 91. ಬೆಡ್ಡಿಗಾಗಿ ಯಾರಿಗೆಲ್ಲ ಫೋನ್ ಮಾಡಿದೆನೋ ಲೆಕ್ಕವಿಲ್ಲ. ಬೆಂಗಳೂರಿನ ಹಳೇ ಸಹೋದ್ಯೋಗಿಗಳು, ಕಾಲೇಜಿನ ಗೆಳತಿಯರು, ಮುಖವೇ ಗೊತ್ತಿಲ್ಲದ ಸ್ವಯಂಸೇವಕರು. ಅವರಲ್ಲಿ ಕೆಲವರು ಖಾಲಿ ಬೆಡ್ಡುಗಳನ್ನು ನಕಾಶೆಯ ಮೇಲೆ ಹಾಕುತ್ತಿದ್ದರು. ಹಸಿರು ಚುಕ್ಕೆ ಇದ್ದ ಆಸ್ಪತ್ರೆಗೆ ಕರೆ ಮಾಡಿದರೆ, "ಅದು ಬೆಳಿಗ್ಗೇನೇ ತುಂಬಿತಮ್ಮ" ಎನ್ನುತ್ತಿದ್ದರು. ದತ್ತಾಂಶದ ಜೊತೆ ಅದು ಯಾವ ಹೊತ್ತಿನದು ಎಂದು ಬರೆದಿರಬೇಕು ಎಂದು ಮೊದಲ ವರ್ಷವೇ ಕಲಿಸಿದ್ದರು. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಅದರ ಅರ್ಥ ಆದದ್ದು ಆ ರಾತ್ರಿ. ಆಮ್ಲಜನಕ ಸಿಗದೆ ರೋಗಿಗಳು ಸತ್ತ ಚಾಮರಾಜನಗರದ ಆಸ್ಪತ್ರೆಯ ಸುದ್ದಿ ಬಂದದ್ದೂ ಅದೇ ದಿನಗಳಲ್ಲಿ. ತಮ್ಮ ಅದು ಅಪ್ಪನಿಗೆ ತಿಳಿಯದ ಹಾಗೆ ಟಿ.ವಿ. ಕೇಬಲ್ ಕಿತ್ತಿಟ್ಟಿದ್ದನಂತೆ.

ಕೊನೆಗೆ ಹತ್ತಿರದ ಪಟ್ಟಣದಲ್ಲಿ ಒಂದು ಬೆಡ್ಡು ಸಿಕ್ಕಿತು. ಅಪ್ಪ ಉಳಿದರು. ಅಮ್ಮನೂ ಚೇತರಿಸಿಕೊಂಡಳು. ಚಿಕ್ಕಪ್ಪ ಉಳಿಯಲಿಲ್ಲ. ಅವರ ಅಂತ್ಯಕ್ರಿಯೆಯನ್ನು ಪಿಪಿಇ ತೊಟ್ಟವರು ಮಾಡಿದರು, ಮನೆಯವರು ದೂರ ನಿಂತು ನೋಡಿದರು, ನಾನು ಫೋನಿನಲ್ಲಿ ನೋಡಿದೆ. ಮೂರೂವರೆ ಗಂಟೆಯ ಅಂತರ. ಊರಿನಲ್ಲಿ ಸಂಜೆ, ನನಗೆ ಮಧ್ಯಾಹ್ನದ ಆನ್‌ಲೈನ್ ಮೀಟಿಂಗಿನ ಹೊತ್ತು. ಮೀಟಿಂಗಿಗೆ ಹೋಗಲಿಲ್ಲ. ಯಾಕೆ ಎಂದು ಮಾರ್ಗದರ್ಶಿ ಕೇಳಿದಾಗ ಒಂದು ಸಾಲು ಬರೆದೆ. ಅರ್ಧ ಗಂಟೆಯಲ್ಲಿ ಅವರೇ ಫೋನ್ ಮಾಡಿದರು. ಆ ದೇಶದ ನೇರ ಮಾತಿನ ಬಗ್ಗೆ ಮೇಲೆ ಹೇಳಿದ್ದೇನೆ. ಅಂದು ಅವರು ಸುತ್ತಿಬಳಸದೆ, "ಥೀಸಿಸ್ ಕಾಯುತ್ತದೆ, ನೀನು ಮಲಗು" ಎಂದದ್ದನ್ನೂ ಹೇಳಬೇಕು. ಅವಧಿ ಮುಂದಕ್ಕೆ ಹೋಯಿತು, ಅದರೊಂದಿಗೆ ವಾಸದ ಪರವಾನಗಿ, ಬಾಡಿಗೆ, ಶುಲ್ಕ, ಸಾಲದ ಬಡ್ಡಿಯೂ.

ಅಪ್ಪನಿಗೆ ತೋಟದ ತುದಿಯವರೆಗೆ ನಡೆಯುವಷ್ಟು ಉಸಿರು ಬರಲು ತಿಂಗಳುಗಳೇ ಹಿಡಿದವು. ಉಳಿದ ಕಲ್ಲುಗಳನ್ನು ನೋಡು ಎಂದು ನಾನು ಹೇಳಲಿಲ್ಲ. ಬಂದಷ್ಟು ಬಿಂದುಗಳಲ್ಲೇ ಮುಗಿಸುವುದಾಗಿ ಬರೆದು, ಎಷ್ಟು ಕಡಿಮೆಯಾಗಿವೆ, ಯಾಕೆ ಕಡಿಮೆಯಾಗಿವೆ ಎಂಬುದನ್ನು ಒಂದು ಪುಟದಲ್ಲಿ ವಿವರಿಸಿದೆ. ಇದ್ದಷ್ಟರಲ್ಲಿ ಕಂಡದ್ದು: ಟಿಪ್ಪಣಿಯ ಅಂಕಿಗಳಿಂದ ಕಟ್ಟಿದ ಹೊಲ ಅಪ್ಪನ ಟೇಪಿಗೆ ಚೆನ್ನಾಗಿ ಹೊಂದುತ್ತಿತ್ತು, ಸ್ಕ್ಯಾನ್ ಮಾಡಿದ ನಕಾಶೆಯ ಗೆರೆ ಕೆಲವು ಕಡೆ ಪಕ್ಕದವರ ತೋಟದ ಒಳಗೇ ಹೋಗಿತ್ತು. ಒಂದು ಊರಿನ ಕೆಲವೇ ನಂಬರುಗಳಿಂದ ರಾಜ್ಯಕ್ಕೆಲ್ಲ ಮಾತಾಡುವಂತಿಲ್ಲ. ಆದರೂ ಹಳೆಯ ನಕಾಶೆಯನ್ನು ರಬ್ಬರಿನಂತೆ ಎಳೆದು ಉಪಗ್ರಹ ಚಿತ್ರದ ಮೇಲೆ ಕೂರಿಸಿ ಗಡಿ ಸಿಕ್ಕಿತು ಎನ್ನುವವರ ಮಾತನ್ನು ನಾನು ಅಂದಿನಿಂದ ನಂಬುವುದಿಲ್ಲ.

ದತ್ತಾಂಶವನ್ನು ಭಂಡಾರಕ್ಕೆ ಸೇರಿಸುವಾಗ ಮಾಲೀಕರ ಹೆಸರುಗಳನ್ನೆಲ್ಲ ತೆಗೆದೆ. ಅಳತೆ ಮಾಡಿದವರು ಯಾರು ಎಂಬ ಜಾಗದಲ್ಲಿ ಅಪ್ಪನ ಹೆಸರು ಬರೆದೆ. ಅವರ ಸೇವಾವಧಿಯ ಯಾವ ನಕಾಶೆಯಲ್ಲೂ ಅವರ ಹೆಸರಿಲ್ಲ; ಸರ್ವೆಯರ್ ಸಹಿ ಇರುತ್ತದೆ, ಮೇಲಧಿಕಾರಿಯ ಮೊಹರು ಇರುತ್ತದೆ, ಚೈನು ಹಿಡಿದವರದು ಇರುವುದಿಲ್ಲ.

ಅಕ್ಟೋಬರಿನಲ್ಲಿ ಮೌಖಿಕ ಪರೀಕ್ಷೆ. ಅದೂ ಅದೇ ಕೋಣೆ, ಅದೇ ಮೇಜು. ಹೊರಗಿನ ಪರೀಕ್ಷಕರು ಕೇಳಿದರು: "ಟಿಪ್ಪಣಿ ಒಂದು ಗಡಿ ಹೇಳುತ್ತದೆ, ನಕಾಶೆ ಇನ್ನೊಂದು, ನಿಮ್ಮ ತಂದೆ ಮತ್ತೊಂದು. ದಾಖಲೆಯಲ್ಲಿ ಯಾವುದನ್ನು ಇಡುತ್ತೀರಿ?" ಮೂರನ್ನೂ ಇಡುತ್ತೇನೆ ಎಂದೆ. ಒಂದೊಂದರ ಪಕ್ಕದಲ್ಲೂ ಯಾರು ಅಳೆದರು, ಯಾವಾಗ, ಯಾವುದರಿಂದ, ಎಷ್ಟು ನಂಬಬಹುದು ಎಂದು ಬರೆದಿಡುತ್ತೇನೆ. ತೀರ್ಪು ಕೊಡುವವರು ಬೇರೆ ಇದ್ದಾರೆ. ಅವರ ಮುಂದೆ ಒಂದೇ ಗೆರೆ ಇಟ್ಟು, ಉಳಿದೆರಡನ್ನು ಬಚ್ಚಿಡುವುದು ನನ್ನ ಕೆಲಸವಲ್ಲ. ಬೆಂಗಳೂರಿನಲ್ಲಿ ಶಿಫ್ಟಿಗೆ ಇಷ್ಟು ಎಂದು ಗೆರೆ ಎಳೆಯುತ್ತಿದ್ದಾಗ ಈ ಉತ್ತರ ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ಹತ್ತಕ್ಕೆ 7.5 ಕೊಟ್ಟರು. ಹೋಟೆಲುಗಳು ಮತ್ತೆ ತೆರೆದಿದ್ದ ಕಾಲ, ಸಂಜೆ ಐದಕ್ಕೆ ಪಾಳಿ ಇತ್ತು, ಹೋದೆ.

ಅಲ್ಲೇ ಕೆಲಸ ಹುಡುಕಲು ಒಂದು ವರ್ಷದ ಅವಕಾಶವಿತ್ತು; ಬಳಸಿಕೊಳ್ಳದೆ ಬಂದುಬಿಟ್ಟೆ. ಅದು ಸರಿಯೋ ಎಂದು ಈಗಲೂ ಕೇಳುವವರಿದ್ದಾರೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಗ್ರಾಮ ನಕಾಶೆಗಳದ್ದೇ. ಸಂಬಳ ಅಲ್ಲಿ ಸಿಗುತ್ತಿದ್ದುದರ ಕಾಲುಭಾಗವೂ ಅಲ್ಲ. ಸಾಲದ ಕಂತು ಪ್ರತಿ ತಿಂಗಳು ಐದನೇ ತಾರೀಕು ತಾನಾಗಿ ಹೋಗುತ್ತದೆ. ಚಿಕ್ಕಪ್ಪನ ಮಕ್ಕಳ ಹೆಸರಿಗೆ ಪೌತಿ ಖಾತೆ ಆಗಬೇಕು, ಅದಾದ ಮೇಲೆ ಪೋಡಿ. ಅತ್ತೆ ಈಗ ಅಮ್ಮನ ಹತ್ತಿರ ಮಾತಾಡುತ್ತಾರೆ. ವಾರಕ್ಕೊಂದು ಸಲ ಫೋನ್ ಮಾಡಿ ಆರೋಗ್ಯ ವಿಚಾರಿಸಿ, ಸೈಟಿನ ಪತ್ರ ಬ್ಯಾಂಕಿನಿಂದ ಯಾವಾಗ ಬಿಡಿಸುತ್ತೀರಿ ಎಂದು ಕೇಳುತ್ತಾರೆ.